ಕರಿ ಕೋಳಿಗೆ ಬಿಳಿ ಮರಿ ಹುಟ್ಟಿದರೆ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಹೋದ ವರ್ಷ ‘ಅಪ್ಪಟ ತಳಿ’ ಎಂಬ ಮಾತು ನಂಬಿ ಒಂದು ಹುಂಜ, ಏಳು ಹೇಂಟೆ ಕಡಕ್‌ನಾಥ್ ತಂದೆ. ಕಾಲು, ಚರ್ಮ, ನಾಲಿಗೆ ಎಲ್ಲ ಕಪ್ಪು. ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗೆ 13 ಮೊಟ್ಟೆ ಇಟ್ಟೆವು, 11 ಮರಿಯಾದವು. ಎಂಟು ಮರಿ ಕಪ್ಪು. ಎರಡರ ಕಾಲು ಬೆಳ್ಳಗೆ, ನಾಲಿಗೆ ನಸುಗೆಂಪು. ಇನ್ನೊಂದರ ಬೆರಳು ಬೂದುಬಣ್ಣ, ನಾಲಿಗೆಯ ಮೇಲೆ ಮಚ್ಚೆ. ಪಕ್ಕದ ಮನೆಯ ಹಳದಿ ಕಾಲಿನ ನಾಟಿ ಹುಂಜ ಆಗಾಗ ಗೋಡೆ ಹಾರಿ ನಮ್ಮ ಹಿತ್ತಲಿಗೆ ಬರುವುದುಂಟು. ನನಗೆ ಕೋಳಿ ಕೊಟ್ಟವರು ಮೋಸ ಮಾಡಿದರೇ? ಈ ಮೂರು ಮರಿಗಳನ್ನು ಕೊಯ್ದುಬಿಡಲೇ? ಮನೆಯಲ್ಲೇ ಶುದ್ಧ ತಳಿ ಉಳಿಸಿಕೊಂಡು ಮರಿ ಮಾರಬೇಕೆಂಬ ಆಸೆ, ಹೇಗೆ?

ಉತ್ತರ: ಮೊದಲಿಗೆ ಆ ಮೂರು ಮರಿಗಳನ್ನು ಕೊಯ್ಯಬೇಡಿ. ಕಾಲಿಗೆ ಒಂದೊಂದು ಬಣ್ಣದ ರಿಂಗು ಹಾಕಿ ಬಿಡಿ. ನಿಮ್ಮ ಕೋಳಿಗಳ ಜಾತಕ ಸದ್ಯಕ್ಕೆ ಬರೆದಿರುವುದು ಆ ಮೂರರ ಮೈಮೇಲೆ ಮಾತ್ರ. ಉಳಿದ ಎಂಟು ಕಪ್ಪು ಮರಿಗಳು ಏನನ್ನೂ ಹೇಳುವುದಿಲ್ಲ.

ಇದು ವಿಚಿತ್ರ ಅನ್ನಿಸಬಹುದು. ಕಡಕ್‌ನಾಥ್ ಎಂದರೆ ಕಪ್ಪು, ಕಪ್ಪಿದ್ದರೆ ಕಡಕ್‌ನಾಥ್ ಎಂದು ನಮ್ಮ ಕಡೆಯ ಸಂತೆಯಲ್ಲಿ ಲೆಕ್ಕ. ಮೊದಲ ಅರ್ಧ ನಿಜ. ಎರಡನೆಯ ಅರ್ಧವನ್ನು ನಂಬಿಯೇ ಜನ ದುಡ್ಡು ಕಳೆದುಕೊಳ್ಳುವುದು. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ಹೆಸರಲ್ಲಿ ಎಂತೆಂಥ ಕುರಿ ಮಾರಾಟವಾಗುತ್ತವೆ ಅನ್ನುವುದು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಬಂಡೂರಿನ ಗಿಡ್ಡ ಕಾಲು, ಹಿಂದಿನಿಂದ ನೋಡಿದಾಗ ಕಾಣುವ ಆ ಕಟ್ಟು ಒಂದು ಬೆರಕೆಯಲ್ಲೇ ಕೆಟ್ಟುಹೋಗುತ್ತದೆ, ಕಣ್ಣಿದ್ದವನು ಹಿಡಿಯುತ್ತಾನೆ. ಕಡಕ್‌ನಾಥ್‌ನಲ್ಲಿ ಒಂದು ಬೆರಕೆಯಾದರೂ ಕಪ್ಪು ಹಾಗೇ ನಿಲ್ಲಬಲ್ಲದು. ಮೋಸ ಇರುವುದೇ ಅಲ್ಲಿ.

ಕಾರಣ ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ ಓದಿ. ಇದು ತಿಳಿದರೆ ಮುಂದಿನದೆಲ್ಲ ಸಲೀಸು.

ಕೋಳಿಯ ಮೈಯೊಳಗೆ ಮಾಂಸ, ಮೂಳೆಯ ಪೊರೆ, ಕರುಳಿನ ಪೊರೆಯವರೆಗೂ ಕಪ್ಪು ಹರಡಿಸುವುದು ಒಂದು ವಂಶವಾಹಿ. ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವಾಗ ಬಣ್ಣದ ಕಣಗಳು ಸಾಮಾನ್ಯ ಕೋಳಿಯಲ್ಲಿ ಹೋಗದ ಜಾಗಕ್ಕೂ ನುಗ್ಗಿ, ಅಲ್ಲಿ ಹೆಚ್ಚಿಕೊಳ್ಳುತ್ತವೆ. 2011ರಲ್ಲಿ ವಿಜ್ಞಾನಿಗಳು ಇದರ ಮೂಲವನ್ನು ಕೋಳಿಯ 20ನೇ ವರ್ಣತಂತುವಿನಲ್ಲಿ ಪತ್ತೆ ಹಚ್ಚಿದರು. ಅಲ್ಲಿನ ಒಂದು ಭಾಗ ಇಮ್ಮಡಿಯಾಗಿ ಕೂತಿದೆ. ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಸೆಮಾನಿ ಕೋಳಿಗಳ ಕಪ್ಪಿಗೂ ಇದೇ ಕಾರಣ. ಈ ವಂಶವಾಹಿ ಪ್ರಬಲ ಜಾತಿಯದು. ಅಪ್ಪನಿಂದ ಒಂದು, ಅವ್ವನಿಂದ ಒಂದು ಎಂದು ಎರಡು ಪ್ರತಿ ಬರಬೇಕಾದಲ್ಲಿ ಒಂದೇ ಬಂದರೂ ಸಾಕು, ಕೋಳಿ ಕಪ್ಪಾಗುತ್ತದೆ. ಎರಡಿರುವ ಕೋಳಿಯನ್ನೂ ಒಂದೇ ಇರುವ ಕೋಳಿಯನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಯಾವುದು ಯಾವುದೆಂದು ನಾನಂತೂ ಹೇಳಲಾರೆ.

ಎರಡನೆಯ ವಂಶವಾಹಿ ಇದಕ್ಕೆ ಅಡ್ಡಗಾಲು. ಕಪ್ಪು ಚರ್ಮಕ್ಕೆ ಇಳಿಯದಂತೆ ಅದು ತಡೆಯುತ್ತದೆ. ಬಿಳಿ, ಹಳದಿ ಕಾಲಿನ ಕೋಳಿಗಳಲ್ಲಿ ಈ ತಡೆ ಇರುತ್ತದೆ. ಕರಿಗಾಲು, ಸೀಸದ ಬಣ್ಣದ ಕಾಲಿನ ನಾಟಿ ಕೋಳಿಗಳಲ್ಲಿ ಇರುವುದಿಲ್ಲ. ಇದು ಲಿಂಗ ನಿರ್ಧರಿಸುವ ವರ್ಣತಂತುವಿನ ಮೇಲೆ ಕೂತಿರುವುದರಿಂದ ಹಂಚಿಕೆಯೂ ವಿಶೇಷ. ಹುಂಜ ತನ್ನ ತಡೆಯನ್ನು ಗಂಡು ಹೆಣ್ಣು ಎರಡೂ ಮರಿಗಳಿಗೆ ಕೊಡುತ್ತದೆ, ಹೇಂಟೆ ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಇಂಗ್ಲೆಂಡಿನ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ ಸಿಲ್ಕಿ ಕೋಳಿಯನ್ನು ಬೇರೆ ಕೋಳಿಯೊಂದಿಗೆ ಎರಡೂ ಕಡೆಯಿಂದ ಕೂಡಿಸಿ ಈ ಆಟವನ್ನು 1911ರಲ್ಲೇ ಬಿಡಿಸಿಟ್ಟಿದ್ದರು.

ಇದರಿಂದ ನಮಗೇನು? ಕಡಕ್‌ನಾಥ್ ಹುಂಜವನ್ನು ಬಿಳಿಗಾಲಿನ ನಾಟಿ ಹೇಂಟೆಗೆ ಬಿಟ್ಟರೆ ಗಂಡುಮರಿಗಳು ಮಂಕಾಗುತ್ತವೆ, ಹೆಣ್ಣುಮರಿಗಳು ಪೂರ್ತಿ ಕಪ್ಪಾಗುತ್ತವೆ. ಕರಿಗಾಲಿನ ನಾಟಿ ಹೇಂಟೆಗೆ ಬಿಟ್ಟರೆ ಎಲ್ಲ ಮರಿಗಳೂ ಕಪ್ಪೇ. ಹೀಗೆ ಹುಟ್ಟಿದ ಕಪ್ಪು ಹೇಂಟೆಗಳನ್ನು ‘ಪ್ಯೂರ್’ ಎಂದು ಮಾರುವವರಿದ್ದಾರೆ. ಎಲ್ಲರೂ ಮೋಸಗಾರರಲ್ಲ. ಕೊಂಡು ತಂದದ್ದನ್ನೇ ನಂಬಿ ಮಾರುವವರೇ ಹೆಚ್ಚು. ಕೊಳ್ಳುವವರು ನಾಲಿಗೆ ಎತ್ತಿ ನೋಡುತ್ತಾರೆ, ಕಪ್ಪಿದೆ, ದುಡ್ಡು ಎಣಿಸುತ್ತಾರೆ.

ಈಗ ನಿಮ್ಮ ಮೂರು ಮರಿಗಳಿಗೆ ಬನ್ನಿ. ಮಚ್ಚೆ ನಾಲಿಗೆಯ ಮರಿಯಲ್ಲಿ ಕಪ್ಪು ಬರಿಸುವ ವಂಶವಾಹಿ ಇದೆ, ಜೊತೆಗೆ ತಡೆಯೂ ಇದೆ. ನಿಮ್ಮ ಹುಂಜದಲ್ಲಿ ತಡೆ ಇದ್ದಿದ್ದರೆ ಅದೂ ಮಂಕಾಗಿರಬೇಕಿತ್ತು. ಹೇಂಟೆಗಳೂ ಅಷ್ಟೇ. ಹಾಗಾದರೆ ತಡೆ ಬಂದದ್ದು ಎಲ್ಲಿಂದ? ಹಳದಿ ಕಾಲಿನ ನೆರೆಮನೆಯವನಿಂದ. ಈ ಮರಿಗೆ ಅಪ್ಪ ಅವನೇ, ಅನುಮಾನ ಬೇಡ.

ಬಿಳಿಕಾಲು, ಕೆಂಪು ನಾಲಿಗೆಯ ಎರಡು ಮರಿಗಳ ಕಥೆ ಬೇರೆ. ಅವುಗಳಲ್ಲಿ ಕಪ್ಪಿನ ವಂಶವಾಹಿ ಒಂದೂ ಇಲ್ಲ. ಅಂದರೆ ಅವ್ವನಿಂದಲೂ ಬಂದಿಲ್ಲ, ಅಪ್ಪನಿಂದಲೂ ಬಂದಿಲ್ಲ. ಬಿಳಿಕಾಲು ಎಂದರೆ ತಡೆ ಇದೆ, ಹಾಗಾಗಿ ಅಪ್ಪ ಪಕ್ಕದ ಮನೆಯವನೇ ಇರಬೇಕು; ನಿಮ್ಮ ಹುಂಜ ಹೇಗಿದೆ ಎಂದು ಇವುಗಳಿಂದ ಹೇಳಲಾಗದು. ಆದರೆ ಅವ್ವ ನಿಮ್ಮ ಏಳರಲ್ಲಿ ಒಂದು ತಾನೇ? ಆ ಹೇಂಟೆಯಲ್ಲಿ ಕಪ್ಪಿನ ಪ್ರತಿ ಒಂದೇ ಇರುವುದು, ಇನ್ನೊಂದು ಜಾಗ ಖಾಲಿ. ಕೊಟ್ಟವರು ಮೋಸ ಮಾಡಿದರೋ, ಮೋಸ ಹೋಗಿದ್ದರೋ ಗೊತ್ತಿಲ್ಲ. ಕನಿಷ್ಠ ಒಂದು ಹೇಂಟೆಯಂತೂ ಬೆರಕೆ. ಅಂದಹಾಗೆ, ನಾಟಿ ಹೇಂಟೆ ಕಾವಿಗೆ ಕೂತಾಗ ಅದರದೇ ಒಂದೆರಡು ಮೊಟ್ಟೆ ಅಡಿಯಲ್ಲಿ ಉಳಿದಿರಲಿಲ್ಲ ತಾನೇ? ನಗಬೇಡಿ, ಈ ತಪ್ಪು ನನ್ನ ಕಣ್ಣೆದುರೇ ಎಷ್ಟೋ ಮನೆಗಳಲ್ಲಿ ಆಗಿದೆ. ಇಡುವ ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ತಾರೀಖು ಬರೆಯಿರಿ. ಮಾರ್ಕರ್ ಪೆನ್ನು ಬೇಡ, ಮೊಟ್ಟೆಯ ಸಿಪ್ಪೆ ಉಸಿರಾಡುತ್ತದೆ.

ಹುಂಜ ಹೇಗಿದೆ ಎಂದು ತಿಳಿಯಲು ಎರಡನೇ ಸಲ ಮರಿ ಮಾಡಿಸಬೇಕು, ಈ ಸಲ ಬೇಲಿ ಬಿಗಿ ಮಾಡಿ. ಹೇಂಟೆಯ ಹೊಟ್ಟೆಯಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತ ಇರುತ್ತದೆ. ನೆರೆಮನೆಯ ಹುಂಜ ನಿನ್ನೆ ಬಂದು ಹೋಗಿದ್ದರೆ ಅದರ ಮರಿ ಇನ್ನು ಹದಿನೈದು ದಿನದ ಮೇಲಿಡುವ ಮೊಟ್ಟೆಯಲ್ಲೂ ಇರಬಹುದು. ಆದ್ದರಿಂದ ಏಳೂ ಹೇಂಟೆಗಳನ್ನು ನಿಮ್ಮ ಹುಂಜದ ಜೊತೆ ಬಲೆ ಮುಚ್ಚಿದ ಆವರಣದಲ್ಲಿ ಕೂಡಿಹಾಕಿ, ಮೊದಲ ಮೂರು ವಾರದ ಮೊಟ್ಟೆಗಳನ್ನು ತಿಂದುಬಿಡಿ. ಇಪ್ಪತ್ತೆರಡನೇ ದಿನದಿಂದ ಮರಿಗೆ ತೆಗೆದಿಡಿ. ಆರಡಿ ಬೇಲಿ ಹಾಕಿ ಮೇಲೆ ಬಲೆ ಮುಚ್ಚದಿದ್ದರೆ ಪ್ರಯೋಜನವಿಲ್ಲ, ನಾಟಿ ಹುಂಜ ಆಸೆಪಟ್ಟರೆ ಮಾವಿನ ಮರದಿಂದ ಇಳಿದು ಬರುತ್ತದೆ.

ಎರಡು ಡಜನ್ ಮರಿಯಾದರೂ ಎಬ್ಬಿಸಿ. ಮತ್ತೆ ಬಿಳಿ ಮರಿ, ಅಂದರೆ ಬಿಳಿ ಚರ್ಮ, ಕೆಂಪು ನಾಲಿಗೆಯ ಮರಿ ಕಂಡರೆ ನಿಮ್ಮ ಹುಂಜವೂ ಬೆರಕೆ. ಒಂದೂ ಕಾಣದಿದ್ದರೆ ಹುಂಜ ಶುದ್ಧ ಇರುವ ಸಾಧ್ಯತೆ ಹೆಚ್ಚು, ಆದರೆ ಖಾತ್ರಿಯಲ್ಲ. ಖಾತ್ರಿ ಬೇಕಾದರೆ ಹುಂಜವನ್ನು ಎರಡು ಮೂರು ಕರಿಗಾಲಿನ, ಆದರೆ ಬಿಳಿ ಚರ್ಮದ, ಕೆಂಪು ನಾಲಿಗೆಯ ನಾಟಿ ಹೇಂಟೆಗಳಿಗೆ ಬಿಡಿ. ಆ ಹೇಂಟೆಗಳನ್ನೂ ಮೂರು ವಾರ ಬೇರೆ ಹುಂಜದಿಂದ ದೂರ ಇಟ್ಟಿರಬೇಕು. ಹುಂಜ ಶುದ್ಧವಾಗಿದ್ದರೆ ಮರಿಗಳೆಲ್ಲ ಕಪ್ಪು, ಬೆರಕೆಯಾಗಿದ್ದರೆ ಅರ್ಧದಷ್ಟು ಬಿಳಿ. ಎಂಟು ಮರಿ ಹುಟ್ಟಿ ಎಂಟೂ ಕಪ್ಪಾದರೆ, ಬೆರಕೆ ಹುಂಜ ಅದೃಷ್ಟದಿಂದ ತಪ್ಪಿಸಿಕೊಂಡಿರುವ ಸಂಭವ 256ರಲ್ಲಿ ಒಂದು. ನಾಣ್ಯ ಎಂಟು ಸಲ ಚಿಮ್ಮಿ ಎಂಟು ಸಲವೂ ತಲೆ ಬಿದ್ದ ಹಾಗೆ. ತೀರ್ಪನ್ನು ಮರಿ ಹುಟ್ಟಿದ ದಿನವೇ ಕೊಡಬೇಡಿ, ಐದಾರು ವಾರ ಕಳೆಯಲಿ. ಬಾಯಿ ತೆರೆಸಿ ನಾಲಿಗೆ, ಅಂಗುಳ ನೋಡಿ, ರೆಕ್ಕೆಯಡಿಯ ಚರ್ಮ ನೋಡಿ.

ಮರಿ ಎಬ್ಬಿಸುವ ವಿಷಯಕ್ಕೆ ಬರೋಣ. ಕಡಕ್‌ನಾಥ್ ಹೇಂಟೆ ಕಾವಿಗೆ ಕೂರುವುದರಲ್ಲಿ ಸೋಮಾರಿ. ಮಧ್ಯಪ್ರದೇಶದ ಝಾಬುವಾ, ಧಾರ್ ಕಡೆಯ ಭಿಲ್ ಮತ್ತು ಭಿಲಾಲಾ ಜನ ತಲೆತಲಾಂತರದಿಂದ ಸಾಕಿದ ಈ ಕೋಳಿಯನ್ನು ಅಲ್ಲಿ ಕಾಲಿ ಮಾಸಿ ಎನ್ನುತ್ತಾರೆ. ವರ್ಷಕ್ಕೆ ಎಂಬತ್ತರಿಂದ ನೂರು ಮೊಟ್ಟೆ ಇಡುತ್ತದೆ, ಮೊಟ್ಟೆ ಕಪ್ಪಲ್ಲ, ತಿಳಿ ಕಂದು. ರಕ್ತವೂ ಕೆಂಪೇ. ಕಾವಿಗೆ ನಿಮ್ಮ ನಾಟಿ ಹೇಂಟೆಯೇ ಗತಿ, ಹಾಗಾಗಿ ನಾಟಿಯನ್ನು ಮನೆಯಿಂದ ಓಡಿಸಬೇಡಿ. ಅದು ದಾದಿ. ಏಳು ಹೇಂಟೆಗಳು ಚೆನ್ನಾಗಿ ಮೊಟ್ಟೆ ಇಡುವ ಕಾಲದಲ್ಲಿ ವಾರಕ್ಕೆ ಹನ್ನೆರಡು, ಹದಿನಾಲ್ಕು ಸಿಗುತ್ತವೆ. ಒಂದು ನಾಟಿ ಹೇಂಟೆ ಮೈ ಮುಚ್ಚಿ ಕೂರುವಷ್ಟು.

ಈ ಮೊಟ್ಟೆ ಕೂಡಿಡುವ ವಾರದಲ್ಲೇ ಅರ್ಧ ನಷ್ಟ ಆಗುವುದು. ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ಅಡುಗೆಮನೆಯ ಗೂಡಿನಲ್ಲಿ ಮೊಟ್ಟೆ ಇಟ್ಟರೆ, ಕಾವಿಗೆ ಕೂರಿಸುವ ಮುಂಚೆಯೇ ಒಳಗಿನ ಜೀವ ಅರೆಬರೆ ಬೆಳೆಯಲು ಶುರುಮಾಡಿ, ರಾತ್ರಿಯ ತಂಪಿಗೆ ನಿಂತು, ಸಾಯುತ್ತದೆ. ಹದಿನೈದು ಹದಿನೆಂಟು ಡಿಗ್ರಿಯಲ್ಲಿ ಇಡಿ ಎಂದು ಪುಸ್ತಕ ಹೇಳುತ್ತದೆ, ಹಳ್ಳಿಮನೆಯಲ್ಲಿ ಅದೆಲ್ಲಿಂದ ಬರಬೇಕು? ಹಸಿ ಮರಳು ತುಂಬಿದ ಅಗಲ ಬಾಯಿಯ ತಟ್ಟೆಯೊಳಗೆ ಮಣ್ಣಿನ ಮಡಕೆ ಕೂರಿಸಿ, ಅದರಲ್ಲಿ ಭತ್ತದ ಹೊಟ್ಟು ಹಾಕಿ, ಚೂಪು ತುದಿ ಕೆಳಗೆ ಮಾಡಿ ಮೊಟ್ಟೆ ಇಡಿ. ಬಾಯಿಗೆ ತೆಳು ಬಟ್ಟೆ. ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ. ಮೊಟ್ಟೆ ತೊಳೆಯಬೇಡಿ, ಕೊಳೆಯಾದದ್ದನ್ನು ಆಮ್ಲೆಟ್ ಮಾಡಿ.

ನಮ್ಮತ್ತೆ ಮಂಕರಿಗೆ ಬೂದಿ, ಅದರ ಮೇಲೆ ಒಣಹುಲ್ಲು, ಅದರ ಮೇಲೆ ಬೆಸ ಸಂಖ್ಯೆಯ ಮೊಟ್ಟೆ, ಪಕ್ಕದಲ್ಲಿ ಒಂದು ಕಬ್ಬಿಣದ ಚೂರು, ಒಂದು ತುಂಡು ಇದ್ದಿಲು ಇಡುತ್ತಿದ್ದರು. ಗುಡುಗಿಗೆ ಮೊಟ್ಟೆ ಕೆಡಬಾರದಂತೆ. ಕಬ್ಬಿಣ ಏನು ಮಾಡುತ್ತದೋ ಕಾಣೆ, ಬೂದಿ ಮಾತ್ರ ಕೋಳಿ ಹೇನನ್ನು ಕಡಿಮೆ ಮಾಡುತ್ತದೆ. ಹೇನು ಕಚ್ಚಿದ ಹೇಂಟೆ ಇಪ್ಪತ್ತೊಂದು ದಿನ ಕೂರುವುದಿಲ್ಲ, ಹತ್ತನೇ ದಿನಕ್ಕೇ ಎದ್ದು ಹೋಗುತ್ತದೆ. ಅವರ ಪದ್ಧತಿಯಲ್ಲಿ ಬೂದಿಯನ್ನು ಉಳಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಕಬ್ಬಿಣವನ್ನೂ.

ಇನ್‌ಕ್ಯುಬೇಟರ್ ಕೊಳ್ಳುವ ಯೋಚನೆ ಇದ್ದರೆ, ಫ್ಯಾನ್ ಇರುವುದನ್ನೇ ಕೊಳ್ಳಿ. 37.5 ಡಿಗ್ರಿ ಶಾಖ; ಮೊದಲ 18 ದಿನ ತೇವಾಂಶ 55ರಿಂದ 60, ಕೊನೆಯ ಮೂರು ದಿನ 65ರಿಂದ 70; ದಿನಕ್ಕೆ ನಾಲ್ಕಾರು ಸಲ ಮೊಟ್ಟೆ ಮಗುಚಬೇಕು, ಕೊನೆಯ ಮೂರು ದಿನ ಮುಟ್ಟಬಾರದು. ಕರೆಂಟು ಹೋದರೆ ಗಾಬರಿ ಬೇಡ, ಕಂಬಳಿ ಹೊದಿಸಿ. ಒಂದೆರಡು ಗಂಟೆ ತಣ್ಣಗಾದರೆ ಮರಿ ತಡೆದುಕೊಳ್ಳುತ್ತದೆ, ಹೇಂಟೆಯೂ ಮೇಯಲು ಎದ್ದು ಹೋಗುತ್ತದಲ್ಲ. ಅತಿಯಾದ ಶಾಖವೇ ಕೊಲ್ಲುವುದು. ನಾನು ಮೊದಲ ಸಲ ಯಂತ್ರವನ್ನು ಪಡುವಣ ಕಿಟಕಿಯ ಪಕ್ಕದಲ್ಲಿಟ್ಟು, ಏಪ್ರಿಲ್ ಬಿಸಿಲು ಗಾಜಿನ ಮೂಲಕ ಬಿದ್ದು, ಒಂದೇ ಮಧ್ಯಾಹ್ನ ನಲವತ್ತೆಂಟು ಮೊಟ್ಟೆ ಕಳೆದುಕೊಂಡೆ. ಯಂತ್ರ ಕೆಟ್ಟಿರಲಿಲ್ಲ, ಇಟ್ಟ ಜಾಗ ಕೆಟ್ಟದ್ದು.

ಏಳನೇ ರಾತ್ರಿ ಮೊಬೈಲ್ ಟಾರ್ಚಿನ ಮುಂದೆ ಮೊಟ್ಟೆ ಹಿಡಿದು ನೋಡಿ. ಜೇಡರ ಬಲೆಯಂತೆ ನರಗಳು ಕಂಡರೆ ಜೀವ ಇದೆ, ತಿಳಿಯಾಗಿದ್ದರೆ ಫಲವಾಗಿಲ್ಲ. ಎಷ್ಟು ತಿಳಿ, ಎಷ್ಟು ಅರ್ಧಕ್ಕೆ ನಿಂತದ್ದು, ಎಷ್ಟು ಮರಿಯಾಗಿ ಸಿಪ್ಪೆಯೊಳಗೇ ಸತ್ತದ್ದು ಎಂದು ಬರೆದಿಡಿ. ಈ ಮೂರು ಅಂಕಿ ಮುಂದೆ ಬೇಕಾಗುತ್ತವೆ.

ಹುಟ್ಟಿದ ಮರಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಹೋಗಿ. ನಾಟಿ ಹೇಂಟೆ ಇದ್ದರೆ ಈ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಬಲ್ಬ್ ಹಾಕುವುದಾದರೆ ಹಳೆಯ ತಂತಿಯ ಬಲ್ಬೇ ಬೇಕು. ಎಲ್‌ಇಡಿ ಹಾಕಿ ‘ಬೆಳಕು ಚೆನ್ನಾಗಿದೆ, ಮರಿ ಮಾತ್ರ ಸಾಯ್ತಾವೆ ಮೇಡಂ’ ಎಂದು ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಶುದ್ಧ ಕಡಕ್‌ನಾಥ್‌ನ ಒಂದು ದಿನದ ಮರಿಯ ಚರ್ಮ ನೀಲಿಯಿಂದ ಕಪ್ಪು, ಬೆನ್ನ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆಗಳಿರುತ್ತವೆ. ಬೆಳೆದ ಮೇಲೆ ಪುಕ್ಕದಲ್ಲಿ ಮೂರು ಬಗೆ: ಕಡು ಕಪ್ಪು, ಗೆರೆಗೆರೆಯ ಪೆನ್ಸಿಲ್ಡ್, ಕತ್ತಿನ ಮೇಲೆ ಹೊನ್ನಿನ ಛಾಯೆಯ ಗೋಲ್ಡನ್. ಮೂರೂ ಕಡಕ್‌ನಾಥೇ. ಹೊನ್ನಿನ ಬಣ್ಣ ಬಂತೆಂದು ಬೆರಕೆ ಎಂದು ತೆಗೆದುಹಾಕಬೇಡಿ. ಜುಟ್ಟು, ಗದ್ದದ ಜೋಲು ನೇರಳೆ ಛಾಯೆಯಲ್ಲಿರಬೇಕು. ನಾಟಿಯಂತೆ ಉರಿಗೆಂಪು ಜುಟ್ಟಿನ ಹುಂಜವನ್ನು ಮಾತ್ರ ತಳಿಗೆ ಇಡಬೇಡಿ.

ತೂಕದ ಆಸೆ ಬೇಡ. ಹುಂಜ ಬೆಳೆದು ಎರಡು ಕೆಜಿಯೊಳಗೆ, ಹೇಂಟೆ ಒಂದೂವರೆಯೊಳಗೆ. ಐದು ತಿಂಗಳಿಗೆ ಒಂದು ಕೆಜಿ ಮುಟ್ಟಲು ಒದ್ದಾಡುತ್ತದೆ. ಯಾರಾದರೂ ಮೂರು ತಿಂಗಳಿಗೆ ಎರಡು ಕೆಜಿ ತೂಗುವ ಕಡಕ್‌ನಾಥ್ ತೋರಿಸಿದರೆ ಅದರೊಳಗೆ ಬ್ರಾಯ್ಲರ್ ಹೊಕ್ಕಿದೆ.

ಈಗ ಮುಖ್ಯ ವಿಷಯ. ಬೆರಕೆಯನ್ನು ತೆಗೆಯುವುದು ಸುಲಭ. ತೆಗೆದ ಮೇಲೆ ಉಳಿದ ನಾಲ್ಕು ಕೋಳಿಯಲ್ಲೇ ತಿರುಗಾಡುತ್ತಾ ತಳಿಯನ್ನು ಸಾಯಿಸದೇ ಇರುವುದು ಕಷ್ಟ. ನಿಮ್ಮಲ್ಲಿ ಹುಂಜ ಒಂದೇ. ಮುಂದಿನ ವರ್ಷದ ಮರಿಗಳೆಲ್ಲ ಒಬ್ಬನ ಮಕ್ಕಳು, ಅಣ್ಣತಂಗಿಯರು. ಅಪ್ಪ ಒಂದೇ ಆಗಿ ಅವ್ವಂದಿರು ಬೇರೆಯಾದ ಮರಿಗಳನ್ನು ಕೂಡಿಸಿದರೆ ಹುಟ್ಟುವ ಮರಿಯಲ್ಲಿ ರಕ್ತಸಂಬಂಧದ ಪ್ರಮಾಣ ನೂರಕ್ಕೆ ಹನ್ನೆರಡೂವರೆ; ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಂಡಾಗ ಹುಟ್ಟುವ ಮಗುವಿನಲ್ಲಿ ಇರುವಷ್ಟೇ. ಒಡಹುಟ್ಟಿದವರನ್ನೇ ಕೂಡಿಸಿದರೆ ಇಪ್ಪತ್ತೈದು. ಇದನ್ನು ನಾಲ್ಕೈದು ತಲೆಮಾರು ಮಾಡಿ ನೋಡಿ. ಬಣ್ಣ ಕಡು ಕಪ್ಪಾಗಿಯೇ ಇರುತ್ತದೆ. ಮೊಟ್ಟೆ ಮರಿಯಾಗುವುದು ನಿಲ್ಲುತ್ತದೆ. ಕೊನೆಯ ವಾರದಲ್ಲಿ ಸಿಪ್ಪೆಯೊಳಗೆ ಸಾಯುವ ಮರಿಗಳು ಹೆಚ್ಚುತ್ತವೆ. ಮೇಲೆ ಬರೆದಿಡಲು ಹೇಳಿದ ಮೂರನೇ ಅಂಕಿ ಇದಕ್ಕೇ. ಅದು ವರ್ಷದಿಂದ ವರ್ಷಕ್ಕೆ ಏರಿದರೆ ರಕ್ತ ಬತ್ತುತ್ತಿದೆ ಎಂದು ತಿಳಿಯಿರಿ.

ಹೇಂಟೆ ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕೋಣ. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಗಳಿಂದ ಭಾಗಿಸಿ. ನಿಮ್ಮ ಒಂದು ಹುಂಜ, ಏಳು ಹೇಂಟೆಗೆ ಬರುವುದು 3.5. ಅಂದರೆ ಎಂಟು ಕೋಳಿ ಸಾಕಿದರೂ ವಂಶದ ಲೆಕ್ಕದಲ್ಲಿ ನಿಮ್ಮ ಹತ್ತಿರ ಮೂರೂವರೆ ಕೋಳಿಯಷ್ಟೇ. ತಲೆಮಾರಿಗೆ ರಕ್ತಸಂಬಂಧ ಏರುವುದು ನೂರಕ್ಕೆ ಹದಿನಾಲ್ಕರಷ್ಟು. ಇನ್ನೂ ಹತ್ತು ಹೇಂಟೆ ಸೇರಿಸಿ: 3.8 ಆಗುತ್ತದೆ, ಏರಿಕೆ ಹದಿಮೂರಕ್ಕೆ ಇಳಿಯುತ್ತದೆ. ಹತ್ತು ಕೋಳಿಯ ಮೇವು ದಂಡ. ಅದರ ಬದಲು ಮೂರು ಹುಂಜ, ಒಂಬತ್ತು ಹೇಂಟೆ ಇಡಿ: 9 ಬರುತ್ತದೆ, ಏರಿಕೆ ಐದೂವರೆ ಚಿಲ್ಲರೆಗೆ ಕುಸಿಯುತ್ತದೆ. ತಳಿ ಉಳಿಸುವುದು ಹುಂಜಗಳ ಲೆಕ್ಕ.

ಹುಂಜಗಳು ಒಟ್ಟಿಗಿದ್ದರೆ ಕಾದಾಡುತ್ತವೆ, ಹಾಗಾಗಿ ಮೂರು ಗೂಡು ಮಾಡಿ. ಒಂದೊಂದರಲ್ಲಿ ಒಂದು ಹುಂಜ, ಮೂರು ಹೇಂಟೆ. ರಾತ್ರಿ ಮಲಗಲು ಕೋಳಿಗೆ ಎರಡು ಚದರಡಿ, ಹಗಲು ಓಡಾಡಲು ಹತ್ತು ಚದರಡಿ ಸಿಕ್ಕರೂ ಸಾಕು. ನಿಮ್ಮ ಹಿತ್ತಲಿನ ಒಂದು ಮೂಲೆಯಲ್ಲಿ ಮುಗಿಯುತ್ತದೆ. ಮೂರು ಗೂಡಿಗೂ ಮೂರು ಬಣ್ಣ ಕೊಡಿ, ಹುಟ್ಟಿದ ಮರಿಗೆ ಆ ಬಣ್ಣದ ರಿಂಗು. ರಿಂಗು ಬಿದ್ದುಹೋಗುವ ಭಯವಿದ್ದರೆ ಹುಟ್ಟಿದ ದಿನವೇ ಬೆರಳುಗಳ ನಡುವಿನ ಚರ್ಮಕ್ಕೆ ಸಣ್ಣ ತೂತು ಹಾಕುವ ಪದ್ಧತಿ ಇದೆ. ಎರಡು ಕಾಲಿನ ನಾಲ್ಕು ಸಂದುಗಳಲ್ಲಿ ಹದಿನಾರು ಬಗೆಯ ಗುರುತು ಮಾಡಬಹುದು.

ಇನ್ನು ಮನೆಯಳಿಯನ ನಿಯಮ. ಹೆಣ್ಣುಮರಿ ಹುಟ್ಟಿದ ಗೂಡಿನಲ್ಲೇ ಉಳಿಯುತ್ತದೆ. ಗಂಡುಮರಿ ಪ್ರತಿ ವರ್ಷ ಮುಂದಿನ ಗೂಡಿಗೆ ಹೋಗುತ್ತದೆ: ಕೆಂಪಿನ ಮಗ ಹಸಿರಿಗೆ, ಹಸಿರಿನ ಮಗ ನೀಲಿಗೆ, ನೀಲಿಯ ಮಗ ಕೆಂಪಿಗೆ. ಎಂದೂ ಹಿಂದಕ್ಕೆ ಬರುವ ಹಾಗಿಲ್ಲ. ಇಷ್ಟು ಮಾಡಿದರೆ ಅಣ್ಣತಂಗಿಯರು ಒಂದೇ ಗೂಡಿನಲ್ಲಿ ಜೊತೆಯಾಗುವುದಿಲ್ಲ, ಬಹಳ ವರ್ಷ ಹೊರಗಿನ ರಕ್ತ ತರದೇ ನಡೆಸಬಹುದು. ನೆನಪಿನ ಮೇಲೆ ನಡೆಸುತ್ತೇನೆ ಅನ್ನಬೇಡಿ. ಎರಡನೇ ವರ್ಷಕ್ಕೇ ಕಲಸಿಹೋಗುತ್ತದೆ. ನೂರು ಪುಟದ ಒಂದು ನೋಟ್‌ಬುಕ್ ಸಾಕು.

ಎರಡನೇ, ಮೂರನೇ ಹುಂಜವನ್ನು ನಿಮ್ಮ ಈಗಿನ ಹುಂಜ ಕೊಟ್ಟವರಿಂದಲೇ ತರಬೇಡಿ, ಅವೆಲ್ಲ ಒಂದೇ ಸಂಸಾರ ಇರುತ್ತವೆ. ಝಾಬುವಾದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮರಿ ಮಾಡುವ ವ್ಯವಸ್ಥೆ ಇದೆ, ದೂರವಾದರೂ ಮೂಲ ಅದೇ. ಹತ್ತಿರದಲ್ಲಿ ವಿಚಾರಿಸಲು ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ, ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ಇವೆ. ಮೂಲ ತಂಡ ಎಲ್ಲಿಂದ ಬಂತು ಎಂದು ಕೇಳಿ, ಹೇಳಬಲ್ಲವರ ಹತ್ತಿರ ಮಾತ್ರ ಕೊಳ್ಳಿ. ಎಲ್ಲಿಂದ ತಂದರೂ ಮೊದಲ ನಾಲ್ಕು ವಾರ ಮನೆಯ ಕೋಳಿಗಳಿಂದ ದೂರ, ಬೇರೆ ನೀರು, ಬೇರೆ ತಟ್ಟೆ.

ಯಾಕೆಂದರೆ ಕೊಕ್ಕರೆ ರೋಗ. 1927ರಲ್ಲಿ ನಮ್ಮ ದೇಶದಲ್ಲಿ ಇದನ್ನು ಗುರುತಿಸಿದ್ದು ಕುಮಾವೂನ್ ಬೆಟ್ಟದ ರಾಣಿಖೇತ್‌ನಲ್ಲಿ, ಅದಕ್ಕೇ ರಾಣಿಖೇತ್ ರೋಗ ಎಂದೂ ಹೆಸರು. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ ಒಂದು ವಾರದಲ್ಲಿ ಗೂಡು ಖಾಲಿ. ಇದು ಶುದ್ಧ ತಳಿ, ನಾಟಿ ಎಂದು ಭೇದ ಮಾಡುವುದಿಲ್ಲ. ‘ಕಡಕ್‌ನಾಥ್‌ಗೆ ರೋಗವೇ ಬರಲ್ಲ’ ಅನ್ನುವುದು ಮಾರುವವರ ಮಾತು. ಐದರಿಂದ ಏಳನೇ ದಿನ ಕಣ್ಣಿಗೆ ಕೊಕ್ಕರೆ ರೋಗದ ಲಸಿಕೆ ಲಸೋಟ ಒಂದು ಹನಿ, ಎರಡನೇ ವಾರ ಗುಂಬೊರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟ, ಆರೇಳನೇ ವಾರ ಸಿಡುಬಿನ ಲಸಿಕೆ, ಎಂಟು ವಾರ ದಾಟಿದ ಮೇಲೆ ಮತ್ತೆ ಕೊಕ್ಕರೆ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ತೊಡಕು ಏನೆಂದರೆ ಒಂದು ಬಾಟಲಿ ಲಸಿಕೆ ನೂರಾರು ಕೋಳಿಗೆ ಆಗುವಂಥದ್ದು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹನ್ನೆರಡು ಕೋಳಿಗೆ ಯಾರು ಒಡೆಯುತ್ತಾರೆ? ನಿಮ್ಮ ಬೀದಿಯ ನಾಲ್ಕೈದು ಮನೆಯವರನ್ನು ಸೇರಿಸಿ ಒಂದೇ ದಿನ ಹಾಕಿಸಿ, ಪಶು ಆಸ್ಪತ್ರೆಯವರಿಗೂ ಅನುಕೂಲ. ಗೋಡೆ ಹಾರಿ ಬರುವ ಆ ಹುಂಜಕ್ಕೂ ಹಾಕಿಸಿ.

ಮೇವಿನ ಬಗ್ಗೆ ಒಂದೇ ಮಾತು. ಮೇಯಲು ಬಿಟ್ಟ ಕೋಳಿಗೆ ರಾಗಿ, ಅಕ್ಕಿ ನುಚ್ಚು ನಡೆಯುತ್ತದೆ. ಕೂಡಿಹಾಕಿದ ತಳಿ ಕೋಳಿಗೆ ನಡೆಯುವುದಿಲ್ಲ. ಬಲೆಯೊಳಗಿನ ಕೋಳಿಗೆ ಹುಳ, ಸೊಪ್ಪು ತಪ್ಪಿಹೋಗಿ, ಬಿ2 ಜೀವಸತ್ವ ಕಡಿಮೆಯಾಗಿ, ಮರಿಗಳ ಬೆರಳು ಒಳಮುರುಚಿಕೊಂಡು ನಡೆಯಲಾರವು. ಜನ ಅದನ್ನು ರಕ್ತದೋಷ ಎಂದು ತಿಳಿದು ಒಳ್ಳೆಯ ಹುಂಜವನ್ನು ಮಾರಿಬಿಡುತ್ತಾರೆ. ಲೇಯರ್ ಮ್ಯಾಶ್ ಕೊಡಿ, ದಿನಾ ಒಂದು ಹಿಡಿ ನುಗ್ಗೆಸೊಪ್ಪೋ ಅಗಸೆಸೊಪ್ಪೋ ಕಟ್ಟಿ ನೇತುಹಾಕಿ. ಮರಿಗಳಿಗೆ ಎಂಟು ವಾರದವರೆಗೆ ಸ್ಟಾರ್ಟರ್ ಮ್ಯಾಶೇ ಆಗಬೇಕು.

ಮಾರುವ ವಿಚಾರ ಕೇಳಿದ್ದೀರಿ. ಮಾರಿ, ಅಡ್ಡಿಯಿಲ್ಲ. ಆದರೆ ‘ಝಾಬುವಾ ಕಡಕ್‌ನಾಥ್’ ಎಂಬ ಹೆಸರಲ್ಲಿ ಮಾಂಸ ಮಾರಬೇಡಿ. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆ ಹೆಸರು ಅಲ್ಲಿನವರದು. ಮರಿ ಕೊಟ್ಟು ದೊಡ್ಡದಾದ ಮೇಲೆ ನಾವೇ ಕೊಳ್ಳುತ್ತೇವೆ ಎಂದು ಮುಂಗಡ ಕೇಳುವವರಿಂದ ದೂರವಿರಿ. 2019ರಲ್ಲಿ ಸಾಂಗ್ಲಿ, ಕೊಲ್ಹಾಪುರ ಕಡೆಯ ರೈತರು ಇದೇ ಕೋಳಿಯ ಹೆಸರಲ್ಲಿ ಹೀಗೇ ಕೈಸುಟ್ಟುಕೊಂಡು ಪೊಲೀಸ್ ಠಾಣೆ ಹತ್ತಿದ್ದರು. ನೀವು ಮಾರುವ ಮರಿಯ ಜೊತೆ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ಕೊಡಿ: ಯಾವ ಗೂಡು, ಯಾವ ಹುಂಜ, ಯಾವ ತಾರೀಖು. ನಮ್ಮ ಕಡೆ ಹೀಗೆ ಕೊಡುವವರನ್ನು ನಾನಿನ್ನೂ ನೋಡಿಲ್ಲ.

ಕೊನೆಯದಾಗಿ, ಹೇಂಟೆಗಳಲ್ಲಿ ಬೆರಕೆ ಯಾವುದು ಎಂದು ಹಿಡಿಯಬೇಕಲ್ಲ. ಬೇಲಿ ಬಿಗಿ ಮಾಡಿದ ಮೇಲೆ ಹುಟ್ಟುವ ಎರಡನೇ ತಂಡದಲ್ಲಿ ಒಂದು ಬಿಳಿ ಗಂಡುಮರಿ ಬಂದರೆ ಅದನ್ನು ಜೋಪಾನ ಮಾಡಿ. ಅದರಲ್ಲಿ ಕಪ್ಪಿನ ವಂಶವಾಹಿಯೂ ಇಲ್ಲ, ತಡೆಯೂ ಇಲ್ಲ. ಈಗಿರುವ ಮೂರು ಮರಿ ಈ ಕೆಲಸಕ್ಕೆ ಬರುವುದಿಲ್ಲ, ನೆರೆಮನೆಯವನ ತಡೆ ಅವುಗಳಲ್ಲಿ ಇದ್ದೀತು. ಎರಡನೇ ತಂಡದ ಫಲಿತಾಂಶ ಕಂಡ ಮೇಲೆ ಅವುಗಳನ್ನು ಸಾರಿಗೆ ಬಳಸಿಕೊಳ್ಳಬಹುದು. ಬಿಳಿ ಗಂಡುಮರಿ ಬಾರದಿದ್ದರೆ ಕರಿಗಾಲು, ಕೆಂಪು ನಾಲಿಗೆಯ ಒಂದು ನಾಟಿ ಹುಂಜ ತನ್ನಿ. ಆರು ತಿಂಗಳಿಗೆ ಆ ಬಿಳಿ ಹುಂಜ ಪ್ರಾಯಕ್ಕೆ ಬಂದಾಗ ನಿಮ್ಮ ಕಪ್ಪು ಹುಂಜವನ್ನು ಬೇರೆ ಮಾಡಿ, ಮೂರು ವಾರ ಬಿಟ್ಟು ಬಿಳಿಯವನನ್ನು ಹೇಂಟೆಗಳ ಜೊತೆ ಬಿಡಿ. ಒಂದು ವಾರ, ಹತ್ತು ದಿನ ಕಳೆದ ಮೇಲಿನ ಮೊಟ್ಟೆಗಳನ್ನು ಹೇಂಟೆವಾರು ಗುರುತು ಹಾಕಿ ಕಾವಿಗಿಡಿ. ಯಾವ ಮೊಟ್ಟೆ ಯಾವ ಹೇಂಟೆಯದು ಎಂದು ನಿಮಗೆ ತಿಳಿಯದಿದ್ದರೆ ನಿಮ್ಮ ತಾಯಿಯವರನ್ನು ಕೇಳಿ, ದಿನಾ ಗೂಡಿಗೆ ಕೈ ಹಾಕುವವರು ಆಕಾರ, ಬಣ್ಣ ನೋಡಿ ಹೇಳುತ್ತಾರೆ. ಒಂದು ಹೇಂಟೆಯ ಏಳು ಮರಿಯೂ ಕಪ್ಪಾದರೆ ಅದು ಶುದ್ಧ, ಹಸಿರು ರಿಂಗು ಹಾಕಿ. ಒಂದೇ ಒಂದು ಬಿಳಿ ಮರಿ ಬಂದರೂ ಆ ಹೇಂಟೆ ಬೆರಕೆ. ಕೊಯ್ಯುವ ಅಗತ್ಯವಿಲ್ಲ, ಮೊಟ್ಟೆ ತಿನ್ನಲು ಇರಲಿ. ಈ ಪರೀಕ್ಷೆಯ ಮರಿಗಳಲ್ಲಿ ಕಪ್ಪಾದವೂ ಅರ್ಧ ಖಾಲಿಯವೇ, ತಳಿಗೆ ಒಂದನ್ನೂ ಸೇರಿಸಬೇಡಿ, ನಾಟಿ ಎಂದೇ ಮಾರಿ. ಪರೀಕ್ಷೆ ಮುಗಿದ ಮೇಲೆ ಬಿಳಿ ಹುಂಜವನ್ನು ಆಚೆ ಕಟ್ಟಿ, ಮತ್ತೆ ಮೂರು ವಾರ ಮೊಟ್ಟೆ ತಿಂದು, ಆಮೇಲೆ ನಿಮ್ಮ ಕರಿಯನನ್ನು ಒಳಗೆ ಬಿಡಿ.